ಒಲ್ಲದವರ ಬಾಗಿಲು

ಬಡಗಣ ಕಾಡಿಗೆ ಹೋಗಬೇಕೆಂದರೆ ನಮ್ಮ ಊರಿನವರು ಎಲ್ಲಕ್ಕಿಂತ ಮೊದಲು ಹುಡುಕುವುದು ಬರಲು ಮನಸ್ಸಿಲ್ಲದ ಒಬ್ಬ ಮನುಷ್ಯನನ್ನು. ಅಂಥವನೊಬ್ಬ ಗುಂಪಿನಲ್ಲಿ ಇಲ್ಲದಿದ್ದರೆ ಕಾಡಿನ ಬಾಗಿಲು ತೆರೆಯುವುದಿಲ್ಲ. ತಳ್ಳಿದರೂ ಇಲ್ಲ, ಒದ್ದರೂ ಇಲ್ಲ. ಒಲ್ಲದವನ ಕೈಕಾಲು ಕಟ್ಟಿ ಹೊತ್ತೊಯ್ದರೂ ಇಲ್ಲ. ಅವನು ತನ್ನ ಕಾಲಿನಿಂದಲೇ ನಡೆದು ಬಂದಿರಬೇಕು, ಬಂದದ್ದಕ್ಕೆ ಒಳಗೊಳಗೇ ಶಪಿಸುತ್ತಿರಬೇಕು. ನಟನೆ ನಡೆಯುವುದಿಲ್ಲ. ಹಿಂದೊಮ್ಮೆ ನಾಟಕ ಕಂಪನಿಯ ದೊಡ್ಡ ನಟನೊಬ್ಬ ಬಾಗಿಲ ಮುಂದೆ ನಿಂತು ಒಲ್ಲೆ ಒಲ್ಲೆ ಎಂದು ಕಣ್ಣೀರು ಸುರಿಸಿದನಂತೆ. ನೋಡಿದವರೆಲ್ಲ ಅತ್ತರು, ಬಾಗಿಲು ಮಾತ್ರ ಅಲುಗಲಿಲ್ಲ.

ಹೀಗಾಗಿ ನಮ್ಮಲ್ಲಿ ಸಿಡುಕು ಮೋರೆಯವರಿಗೆ ಎಲ್ಲಿಲ್ಲದ ಬೆಲೆ. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಯಲ್ಲಿ ಗೊಣಗುವವರು ಇದ್ದಾರೋ ಇಲ್ಲವೋ ಎಂದು ವಿಚಾರಿಸುತ್ತಾರೆ. ತಾಟಿನ ಮುಂದೆ ಮೂಗು ಮುರಿಯುವ ಮಗುವನ್ನು ಕಂಡು ತಾಯಂದಿರು ಒಳಗೇ ಹಿಗ್ಗುತ್ತಾರೆ. ಸಂತೆಯಲ್ಲಿ ಯಾರಾದರೂ "ನಾ ಎಲ್ಲಿಗೂ ಬರೂದಿಲ್ಲ" ಎಂದು ಗಟ್ಟಿಯಾಗಿ ಅಂದರೆ ಸಾಕು, ನಾಲ್ಕು ಜನ ಅವನ ಸುತ್ತ ನಿಂತು ಚಹಾ ಕುಡಿಸುತ್ತಾರೆ. ಎಲ್ಲದಕ್ಕೂ ನಗುತ್ತಾ ತಲೆಯಾಡಿಸುವವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ಹೆಸರು ಕಸ್ತೂರೆವ್ವ. ಬಸ್ ಸ್ಟ್ಯಾಂಡಿನ ಎದುರು ನನ್ನ ಖಾನಾವಳಿ. ಬಡಗಣ ಕಾಡಿಗೆ ಹೋಗುವವರೆಲ್ಲ ನನ್ನಲ್ಲೇ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಾರೆ, ತಿರುಗಿ ಬಂದು ನನ್ನಲ್ಲೇ ಬಿಸಿ ರೊಟ್ಟಿ ಮುರಿಯುತ್ತಾ ಕಂಡದ್ದನ್ನೆಲ್ಲ ಹೇಳುತ್ತಾರೆ. ಬಡಗಣ ಕಾಡೆಂದರೆ ಒಂದಲ್ಲ, ಮೂರು. ಸರಕಾರದ ಬೋರ್ಡಿನಲ್ಲಿ ಅವಕ್ಕೆ ರಾಷ್ಟ್ರೀಯ ಉದ್ಯಾನವೆಂದು ಏನೇನೋ ಹೆಸರುಗಳಿವೆ, ನಾವು ಒಂದನೇ ಕಾಡು, ಎರಡನೇ ಕಾಡು, ಮೂರನೇ ಕಾಡು ಅನ್ನುತ್ತೇವೆ. ಒಂದನ್ನು ದಾಟಿದರೆ ಇನ್ನೊಂದು, ಪ್ರತಿಯೊಂದಕ್ಕೂ ಬೇರೆ ಬಾಗಿಲು. ಮೂರನೇ ಕಾಡಿನ ತುದಿಯಲ್ಲಿ ಮರಗಳು ಮುಗಿದು ಬರೀ ಹುಲ್ಲು, ಹುಲ್ಲಿನ ನಡುವೆ ಜಿಂಕೆಗಳು. ಆ ಜಿಂಕೆಗಳಿಗೆ ಮನುಷ್ಯರನ್ನು ಕಂಡರೆ ಓಡಬೇಕೆನ್ನುವುದೇ ಗೊತ್ತಿಲ್ಲವಂತೆ. ಹತ್ತಿರ ಬಂದು ಅಂಗೈ ಮೂಸುತ್ತವಂತೆ. ಇದನ್ನು ಹೇಳುವಾಗ ಎಂಥ ಒರಟು ಗಂಡಸಿನ ದನಿಯೂ ಮೆತ್ತಗಾಗುವುದನ್ನು ನಾನು ಒಲೆಯ ಮುಂದೆ ಕೂತು ಕೇಳುತ್ತಾ ಬಂದವಳು. ನನ್ನ ಅಂಗೈಯನ್ನು ಈ ಹುಟ್ಟಿನಲ್ಲಿ ಹಿಟ್ಟು ಬಿಟ್ಟರೆ ಬೇರೆ ಯಾವುದೂ ಮೂಸಿಲ್ಲ.

ಈ ವರ್ಷ ಹೋಗಲೇಬೇಕೆಂದು ಹಟ ಹಿಡಿಯಲು ಕಾರಣವಿತ್ತು. ಜಿಂಕೆಗಳು ಈಚೆಗೆ ಓಡುವುದನ್ನು ಕಲಿಯುತ್ತಿವೆ ಎಂದು ಮೂರನೇ ಕಾಡಿಗೆ ಇಪ್ಪತ್ತು ವರ್ಷ ವಿಶ್ರಾಂತಿ ಕೊಡುವುದಾಗಿ ಡಂಗುರ ಸಾರಿದರು. ಮಳೆಗಾಲ ಶುರುವಾದರೆ ಬಾಗಿಲಿಗೆ ಗೋಡೆ ಕಟ್ಟುತ್ತಾರೆ. ನನಗೆ ಈಗಲೇ ಐವತ್ತೈದು. ಇಪ್ಪತ್ತು ವರ್ಷ ಬಿಟ್ಟು ನಾನು ಹೋಗುವುದು ಕಾಡಿಗಲ್ಲ, ನಾಲ್ಕು ಜನರ ಹೆಗಲ ಮೇಲೆ.

ಅಂದೇ ಸಂಜೆ ನಮ್ಮ ಮನೆಯವರಿಗೆ ಹೇಳಿದೆ. ಅವರು ರೇಡಿಯೋ ರಿಪೇರಿ ಮಾಡುತ್ತಾರೆ. ಒಂದು ಹಳೇ ರೇಡಿಯೋದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದವರು ತಲೆ ಎತ್ತದೆ "ಹ್ಞೂಂ, ಹೋಗೂಣು" ಅಂದರು. ಮದುವೆಯಾದ ವರ್ಷ ಕೇಳಿದಾಗಲೂ ಇದನ್ನೇ ಅಂದಿದ್ದರು. ನಡುವೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಅಷ್ಟೂ ಸಲ ಅದೇ ಹ್ಞೂಂ. ಬರುವವರ ಪೈಕಿ ಅವರ ಚಿಂತೆ ಇರಲಿಲ್ಲ. ಒಲ್ಲದವರೊಬ್ಬರು ಸಿಕ್ಕರೆ ಆಯಿತು.

ಸಿಗುವುದಕ್ಕೇನು, ಮನೆಯಲ್ಲೇ ಇದ್ದಳು. ನಮ್ಮ ಮನೆಯವರ ತಂಗಿ ನಿಂಬೆವ್ವ, ಎರಡು ಮನೆ ಆಚೆ ಇರುವವಳು. ಓಣಿಯ ತುದಿಯ ಅಂಗಡಿಗೂ ಆಟೋ ಕರೆಸುತ್ತಾಳೆ. ಮರ ಕಂಡರೆ ಹುಳ ಬೀಳುತ್ತದೆ ಎನ್ನುತ್ತಾಳೆ, ಬಯಲು ಕಂಡರೆ ಬಿಸಿಲು ಎನ್ನುತ್ತಾಳೆ. ನಾನು ಮಾತು ತೆಗೆದಿದ್ದೇ ತಡ, "ನನ್ನ ಹೆಣಾನೂ ಬರೂದಿಲ್ಲ ವೈನಿ" ಅಂದಳು. ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು.

"ಅಣ್ಣನ ಸಲುವಾಗಿ ಬಾರವಾ. ನಿನಗ ಮನಸಿಲ್ಲಂತನ ಕರಿಯಾಕತ್ತೇನಿ."

ಅವಳು ಬಹಳ ಹೊತ್ತು ಗೊಣಗಿದಳು. ಕೊನೆಗೆ, "ಅಣ್ಣನ ಮಾರಿ ನೋಡಿ ಬರ್ತೇನಿ. ಆದ್ರ ಮನಸಿಲ್ಲ, ಅದನ್ನ ತಿಳ್ಕೊ" ಅಂದಳು. ಇಷ್ಟು ಶುದ್ಧವಾದ ಒಲ್ಲೆ ಊರಿನಲ್ಲಿ ಇನ್ನೊಂದು ಸಿಗುತ್ತಿರಲಿಲ್ಲ.

ಅಷ್ಟಕ್ಕೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನ್ನ ನಾಲಿಗೆಗೆ ಎಲುಬಿಲ್ಲ. ಅವಳಿಗೆ ನಡೆಯಲು ಬೂಟು ಬೇಕಲ್ಲ ಎಂದು ಪೇಟೆಗೆ ಕರೆದೊಯ್ದೆ. ಬೂಟು ಹಾಕಿ ನೋಡುವಾಗ ಒಂದನೇ ಕಾಡಿನ ದಾರಿ ಎಷ್ಟು ಮೆತ್ತಗಿದೆಯೆಂದು ಹೇಳಿದೆ. ದಾರಿಯ ಮಾತು ಬಂದಾಗ ಎರಡನೇ ಕಾಡಿನ ಝರಿಯ ಮಾತು ಬಂತು. ಝರಿಯಿಂದ ಜಿಂಕೆಗೆ ಹೋದೆ. ನಾನು ಹೇಳುತ್ತಾ ಹೋದಂತೆ ನಿಂಬೆವ್ವ ಗೊಣಗುವುದನ್ನು ಮರೆತು ಪ್ರಶ್ನೆ ಕೇಳತೊಡಗಿದಳು, ಅದು ನನ್ನ ಮಂಕು ತಲೆಗೆ ಹೊಳೆಯಲೇ ಇಲ್ಲ. ಸ್ವಲ್ಪ ದಿನ ಬಿಟ್ಟು ಬೆಳಿಗ್ಗೆ ಕದ ತೆಗೆದು ನೋಡುತ್ತೇನೆ, ಹೊಸ ಬೂಟು ಹಾಕಿಕೊಂಡು ಓಣಿಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾಳೆ! ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದು, "ವೈನಿ, ಎರಡನೇ ಕಾಡಿನಾಗ ಒಂದಿನ ಹೆಚ್ಚಿಗಿ ಇರೂಣೇನು?" ಎಂದು ಕೇಳಿದಳು. ನಾನು ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡೆ.

"ನಿನಗ ಮನಸಿಲ್ಲಂದಿದ್ದೆಲ್ಲಾ ಎಲ್ಲಿ ಹೋತವಾ?"

"ಇರಲಿಲ್ಲ. ನೀ ಹೇಳಿಹೇಳಿ ಬಂತು. ಈಗ ಬರಬ್ಯಾಡ ಅಂದ್ರ ನಾ ಬಿಡೂದಿಲ್ಲ ನೋಡ" ಅಂದಳು. ಮನಸ್ಸು ಕೆಟ್ಟು ಹೋದ ಮೇಲೆ ಏನು ಮಾಡುವುದು, ಹಾಲು ಒಡೆದಂತೆ. ಅವಳನ್ನು ಬಿಟ್ಟು ಹೋಗುವಂತೆಯೂ ಇಲ್ಲ, ಅವಳಿಂದ ಬಾಗಿಲು ತೆರೆಯುವಂತೆಯೂ ಇಲ್ಲ.

ಆಮೇಲೆ ಫಕೀರಪ್ಪನನ್ನು ಹಿಡಿದೆ. ಅವರ ಮನೆತನದ ಕಸುಬೇ ಒಲ್ಲದವರಾಗಿ ಹೋಗುವುದು. ಅಜ್ಜ ಒಲ್ಲದವ, ಅಪ್ಪ ಒಲ್ಲದವ, ಇವನು ಇಬ್ಬರನ್ನೂ ಮೀರಿಸಿದವ. ದುಡ್ಡಿಗಾಗಿ ಬರುತ್ತಾನೆ, ಆದರೆ ಹೆಜ್ಜೆಹೆಜ್ಜೆಗೂ ಕಾಡನ್ನು, ದಾರಿಯನ್ನು, ಕರೆತಂದವರನ್ನು ಬೈಯುತ್ತಲೇ ಬರುತ್ತಾನೆ. ಅವನ ಕರಾರುಗಳು ಊರಿಗೆಲ್ಲ ಗೊತ್ತು. ಅವನ ಕಿವಿಗೆ ಬೀಳುವಂತೆ ಯಾರೂ ಕಾಡನ್ನು ಹೊಗಳಬಾರದು. ಕಾಲು ನೋಯುತ್ತದೆ ಅಂದಾಗ ಯಾರೂ ಸಮಾಧಾನ ಹೇಳಬಾರದು.

ಈ ಸಲ ನಾನು ಬಾಯಿಗೆ ಬೀಗ ಹಾಕಿಕೊಂಡೆ. ಜಿಂಕೆ ಎಂಬ ಶಬ್ದವನ್ನೇ ಎತ್ತಲಿಲ್ಲ. ಎಲ್ಲಿ ಇಳಿಯಬೇಕು, ಎಲ್ಲಿ ಡೇರೆ ಹಾಕಬೇಕು ಎಂದು ಮಾತಾಡಲು ಅವನು ಖಾನಾವಳಿಗೆ ಬಂದ. ಮಾತಾಡಲು ಬಂದವನನ್ನು ಬರಿ ಹೊಟ್ಟೆಯಲ್ಲಿ ಕೂರಿಸುವುದಕ್ಕಾಗುತ್ತದೆಯೇ? ಬದನೆಕಾಯಿ ಎಣ್ಣೆಗಾಯಿ ಬಡಿಸಿದೆ. ಮೇಲೆ ಒಂದು ಶೇಂಗಾ ಹೋಳಿಗೆ ಇಟ್ಟೆ. ಅವನು ತಿನ್ನುತ್ತಾ ತಿನ್ನುತ್ತಾ ಸುಮ್ಮನಾದ. ಮರುದಿನ ಕರೆಯದೇ ಬಂದ. ಅದರ ಮರುದಿನ ನಾನು ಒಲೆ ಹಚ್ಚುವ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿದ್ದ.

"ಅಕ್ಕಾ, ಮೂರೂ ಕಾಡಿನಾಗ ಅಡಗಿ ನಿಂದ ಹೌದಲ್ಲ?"

"ಮತ್ಯಾರದು? ಯಾಕ?"

"ಏನಿಲ್ಲ" ಎಂದು ಅವನು ನಕ್ಕ. ಫಕೀರಪ್ಪ ನಕ್ಕದ್ದನ್ನು ಊರಿನಲ್ಲಿ ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಆ ವಾರ ಬೇರೆ ಯಾರೋ ಅವನನ್ನು ಕರೆದೊಯ್ದರೆ ಒಂದನೇ ಬಾಗಿಲು ಅಲುಗದೆ ಎಲ್ಲರೂ ವಾಪಸು ಬಂದರು. ಅವನು ನೇರ ನನ್ನ ಮುಂದೆ ಬಂದು ನಿಂತ. "ನೀ ನನ್ನ ಕಸಬು ಹಾಳ ಮಾಡಿದಿ ಅಕ್ಕಾ. ಬೈಬೇಕಂತ ಬಾಯಿ ತೆಗದ್ರ ಹೋಳಿಗಿ ನೆನಪಾಗ್ತೈತಿ" ಎಂದು ಕಣ್ಣು ತುಂಬಿಕೊಂಡ. ನಾನು ಅವನನ್ನು ಸಮಾಧಾನ ಮಾಡಲು ಹೋಗಿ ಇನ್ನೊಂದು ಹೋಳಿಗೆ ಕೊಟ್ಟೆ.

ಇತ್ತ ಮನೆಯಲ್ಲಿ ತಯಾರಿಯೆಂದರೆ ದಿನವೂ ರಗಳೆ. ನಿಂಬೆವ್ವನಿಗೆ ಡೇರೆ ಎರಡು ಬೇಕು. ಫಕೀರಪ್ಪ ತನ್ನನ್ನು ಬಿಟ್ಟು ಹೋದರೆ ಪಂಚಾಯ್ತಿ ಸೇರಿಸುತ್ತೇನೆ ಎನ್ನುತ್ತಾನೆ. ಅಕ್ಕಿ ಒಯ್ಯುವುದೋ, ಒಣಗಿಸಿದ ಕಟಿ ರೊಟ್ಟಿ ಸಾಕೋ, ಜಿಗಣೆಗೆ ಉಪ್ಪೋ, ತಂಬಾಕೋ, ಎಲ್ಲದಕ್ಕೂ ಇಬ್ಬರದೂ ವಾದ. ನಾನು ನಮ್ಮ ಮನೆಯವರ ಕಡೆ ತಿರುಗಿದರೆ, ಅವರು ಬ್ಯಾಗಿನ ಹರಿದ ಪಟ್ಟಿ ಹೊಲಿಯುತ್ತಾ "ಹ್ಞೂಂ" ಅನ್ನುತ್ತಿದ್ದರು. ಉಪ್ಪು ಅಂದರೂ ಹ್ಞೂಂ, ತಂಬಾಕು ಅಂದರೂ ಹ್ಞೂಂ.

"ನಿಮಗೂ ಒಂದು ಮನಸು ಅನ್ನೂದು ಐತೋ ಇಲ್ಲೋ?" ಎಂದು ಒಮ್ಮೆ ರೇಗಿದೆ.

"ನೀ ಹೆಂಗಂತಿ ಹಂಗ" ಅಂದರು.

ಒಲ್ಲದವರಿಲ್ಲದೆ ಹೋಗಿ ಏನು ಮಾಡುವುದು? ನಾನೇ ಒಲ್ಲದವಳಾಗಬಹುದೇ ಎಂದೂ ನೋಡಿದೆ. ಒಲೆಯ ಮುಂದೆ ಕೂತು, ಕಾಡಿನಲ್ಲಿ ಏನಿದೆ ಮಣ್ಣು, ಹೋಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ರೊಟ್ಟಿ ಸೀದು ಹೋಯಿತೇ ಹೊರತು ಮನಸ್ಸು ತಿರುಗಲಿಲ್ಲ. ಮುಗಿಲಿನಲ್ಲಿ ಮೋಡ ಕಾಣಿಸತೊಡಗಿದಾಗ ಇನ್ನು ಕಾಯುವಂತಿರಲಿಲ್ಲ. ಫಕೀರಪ್ಪನಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆಂದು ಕೇಳಿದ್ದೆ. ಅಷ್ಟು ದೂರದ ಬಸ್ಸಿನಲ್ಲಿ ಅವನ ಹಳೇ ಸಿಡುಕು ತಿರುಗಿ ಬಂದರೂ ಬರಬಹುದೆಂಬ ಒಂದೇ ಆಸೆಯ ಮೇಲೆ ಖಾನಾವಳಿಗೆ ಬೀಗ ಹಾಕಿ ಹೊರಟೆ. ಆ ಪುಣ್ಯಾತ್ಮ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಹಾಡು ಹೇಳಿದ.

ಒಂದನೇ ಬಾಗಿಲ ಬಳಿ ಇಳಿದಾಗ ನನಗೆ ಅಳುವೇ ಬಂದಿತ್ತು. ನಿಂಬೆವ್ವ ಮುಂದೆ ಮುಂದೆ, ಫಕೀರಪ್ಪ ಬುತ್ತಿಯ ಗಂಟು ಹೊತ್ತು ಅವಳ ಹಿಂದೆ, ಇಬ್ಬರ ಮುಖದಲ್ಲೂ ಹಬ್ಬದ ಕಳೆ. ಬಾಗಿಲು ಹಲಗೆಯದು, ನಮ್ಮ ಎತ್ತರದ ಎರಡರಷ್ಟು. ಕಾವಲುಗಾರ ದ್ಯಾವಪ್ಪ ಎಂಬ ಮುದುಕ ಒಮ್ಮೆ ನಮ್ಮನ್ನೆಲ್ಲ ನೋಡಿ ಸುಮ್ಮನೆ ಬೀಡಿ ಹಚ್ಚಿದ. ನಾನು ಅವನೊಡನೆ ಜಗಳ ತೆಗೆದೆ. ಇಪ್ಪತ್ತು ವರ್ಷ ಮುಚ್ಚುವವರು ಈ ಸಲಕ್ಕಾದರೂ ಎಲ್ಲರಿಗೂ ತೆರೆಯಬಾರದೇ, ಮನಸ್ಸು ಮಾಡಿ ಬಂದವರಿಗೆ ಇದೆಂಥ ಶಿಕ್ಷೆ ಎಂದು ಕೂಗಾಡಿದೆ. ನಾನು ಕೂಗುತ್ತಿರುವಾಗಲೇ ನಮ್ಮ ಮನೆಯವರು, ಹಿಂದೆ ಉಳಿದಿದ್ದವರು, ನಿಧಾನವಾಗಿ ಬಂದು ನನ್ನ ಮಗ್ಗುಲಲ್ಲಿ ನಿಂತರು. ಬಾಗಿಲು ಕಿರ್ರೆಂದು ತೆರೆಯಿತು.

ಫಕೀರಪ್ಪ ಕುಣಿದಾಡಿದ. "ನೋಡಕ್ಕಾ! ಕಸಬು ಎಲ್ಲಿ ಹೋಗ್ತೈತಿ!" ಅಂದ. ನಿಂಬೆವ್ವ ತನ್ನ ಮೇಲೆ ಯಾರಾದರೂ ಅನುಮಾನ ಪಟ್ಟಾರೆಂದು, "ನಾ ಅಂತೂ ಅಲ್ಲ, ನಾ ಮನಸಾರೆ ಬಂದೇನಿ" ಎಂದು ಆಣೆ ಇಟ್ಟಳು. ಬಾಗಿಲು ತೆರೆಸಿದ ಒಲ್ಲದವರಿಗೆ ಕಾವಲುಗಾರ ಮರ್ಯಾದೆಗೆ ಒಂದು ಬಿದಿರಿನ ಕೋಲು ಕೊಡುವ ಪದ್ಧತಿ. ದ್ಯಾವಪ್ಪ ಬೀಡಿ ಆರಿಸಿ, ಕೋಲು ತಂದು, ಇಬ್ಬರನ್ನೂ ದಾಟಿ ಬಂದು ನಮ್ಮ ಮನೆಯವರ ಕೈಯಲ್ಲಿಟ್ಟು ನಮಸ್ಕಾರ ಮಾಡಿದ.

ನನಗೆ ಸಿಟ್ಟು ನೆತ್ತಿಗೇರಿತು. "ನಿಮಗ ಮನಸಿರಲಿಲ್ಲೇನು?"

"ಇಲ್ಲ" ಅಂದರು.

"ಯಾವಾಗಿಂದ?"

"ಮೊದಲಿಂದನ. ನನಗ ನಡಿಯೂದಂದ್ರ ಆಗೂದಿಲ್ಲ. ಜಿಗಣಿ ಕಂಡ್ರ ಹೆದರಿಕಿ. ನನ್ನ ತಲಿದಿಂಬು ಇಲ್ಲದ ನಿದ್ದಿ ಬರೂದಿಲ್ಲ."

"ಮತ್ತ ಹ್ಞೂಂ ಹ್ಞೂಂ ಅಂತಿದ್ರಲ್ಲ! ಮದಲಿಗೇ ಹೇಳಿದ್ರ ನಾ ಇವರಿಬ್ಬರ ಕಾಲು ಯಾಕ ಹಿಡೀತಿದ್ನಿ? ಊರೆಲ್ಲಾ ಯಾಕ ಸುತ್ತತಿದ್ನಿ?"

ಅವರು ಕೋಲನ್ನು ನೆಲಕ್ಕೆ ಒತ್ತುತ್ತಾ ಮೆಲ್ಲಗೆ ಹೇಳಿದರು. "ಹೇಳಿದ್ರ ನೀ ನನ್ನ ಮನಸು ತಿರಗಸತಿದ್ದಿ, ಕಸ್ತೂರಿ. ನಿನ್ನ ಮಾತಿನ ಮುಂದ ಯಾರ ಒಲ್ಲೆ ನಿಂತೈತಿ? ಆಮ್ಯಾಲೆ ಬಾಗಿಲಾ ಯಾರು ತೆಗೀಬೇಕು? ನಿನಗ ಬೇಕಾದೀತಂತ ಹಂಗ ಕಾದಿಟ್ಟೆ."

ಇದನ್ನು ಕೇಳಿ ಖುಷಿಪಡಬೇಕೋ, ತಲೆ ಮೇಲೆ ಮೊಟಕಬೇಕೋ ತಿಳಿಯಲಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದು ಈ ಮನುಷ್ಯನ ಹ್ಞೂಂ ಎನ್ನುವುದರ ಒಳಗೆ ಏನಿದೆಯೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಮತ್ತಷ್ಟು ಸಿಟ್ಟು ಬಂತು. ಮಾತು ಬಿಟ್ಟು ಮುಖ ಗಂಟಿಕ್ಕಿಕೊಂಡು ನಡೆದೆ. ಮಾತಾಡದೆ ಇರಲು ಇನ್ನೊಂದು ಕಾರಣವೂ ಇತ್ತು. ಮುಂದೆ ಎರಡು ಬಾಗಿಲುಗಳಿದ್ದವು, ಇವರ ಒಲ್ಲೆ ಒಂದೇ ನಮ್ಮ ಕೈಯಲ್ಲಿದ್ದದ್ದು. ನಾನು ಬಾಯಿ ಬಿಟ್ಟು ಯಾವುದನ್ನಾದರೂ ಹೊಗಳಿದರೆ ಅದೂ ಕೆಡುತ್ತದೆಂಬ ಹೆದರಿಕೆ. ಜನ ನನ್ನ ಖಾನಾವಳಿಯಲ್ಲಿ ಹೇಳಿದ್ದೆಲ್ಲ ಒಂದೊಂದಾಗಿ ಕಣ್ಣೆದುರು ಬಂತು. ಮರದ ಬೊಡ್ಡೆಗೇ ಅರಳಿದ ಹೂವು ಬಂತು, ಬಾಲವೇ ಮೈಗಿಂತ ಉದ್ದವಾದ ಬಿಳಿ ಹಕ್ಕಿ ಬಂತು. ಎಲ್ಲದರ ಹೆಸರೂ ನನಗೆ ಗೊತ್ತು. ಒಂದನ್ನೂ ಹೇಳಲಿಲ್ಲ.

ಎರಡನೇ ಬಾಗಿಲು ತೆರೆಯಲಿಲ್ಲ. ತಿರುಗಿ ನೋಡಿದರೆ ನಮ್ಮ ಮನೆಯವರು ಬಾಯಿ ತೆರೆದುಕೊಂಡು ಮರದ ತುದಿ ನೋಡುತ್ತಾ ನಿಂತಿದ್ದಾರೆ, ಜಿಗಣೆ ಕಾಲಿಗೆ ಹತ್ತಿದ್ದರ ಖಬರೂ ಇಲ್ಲ! ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. "ಇಷ್ಟು ವರ್ಷ ಕಾದಿಟ್ಟೆ ಅಂತೀರಿ, ಒಂದಿನ ಕಾಯಾಕ ಆಗಲಿಲ್ಲೇನು? ನಿಮ್ಮ ಕೈಯಾಗ ಏನು ನೆಟ್ಟಗಾಗೇತಿ? ಬಿಚ್ಚಿದ ರೇಡಿಯೋ ಹತ್ತು ಬಿದ್ದಾವ, ಒಂದರೆ ಹಾಡೈತೇನು?" ಎಂದು ಬಾಯಿಗೆ ಬಂದಂತೆ ಬೈದೆ. ಅವರ ಮುಖ ಸಣ್ಣದಾಯಿತು. ಬಗ್ಗಿ ಜಿಗಣೆ ಕಿತ್ತು ಒಗೆದು, "ಮನಿಯಾಗ ಇರಬೇಕಾಗಿತ್ತು ನಾ" ಅಂದರು. ಬಾಗಿಲು ತೆರೆಯಿತು. ನಿಂಬೆವ್ವ ಚಪ್ಪಾಳೆ ತಟ್ಟಿದಳು. ನಾನು ತಲೆ ತಗ್ಗಿಸಿ ಆ ಬಾಗಿಲು ದಾಟಿದೆ.

ಎರಡನೇ ಕಾಡಿನಲ್ಲೂ ನಾನು ಮಾತಾಡಲಿಲ್ಲ. ಈಗ ಸಿಟ್ಟಿನಿಂದಲ್ಲ, ಮುಖ ತೋರಿಸಲಾಗದೆ. ಅವರು ಮೊದಲು ಹಿಂದೆ ಹಿಂದೆ ಬರುತ್ತಿದ್ದರು. ಝರಿಯ ಹತ್ತಿರ ನನ್ನ ಸಮಕ್ಕೆ ಬಂದರು. ರಾತ್ರಿ ತಲೆದಿಂಬಿಲ್ಲದೆಯೂ ಗೊರಕೆ ಹೊಡೆದರು. ಬೆಳಿಗ್ಗೆ ನನಗಿಂತ ಮುಂದೆ ನಡೆಯುತ್ತಿದ್ದರು, ಕೋಲಿನಿಂದ ಮುಳ್ಳು ಸರಿಸಿ ನನಗೆ ದಾರಿ ಮಾಡಿಕೊಡುತ್ತಾ. ಅದನ್ನು ನೋಡುತ್ತಲೇ ನನಗೆ ಗೊತ್ತಾಗಿ ಹೋಗಿತ್ತು.

ಮೂರನೇ ಬಾಗಿಲ ಬಳಿ ಗೋಡೆಗೆಂದು ಕಲ್ಲು ತಂದು ರಾಶಿ ಹಾಕಿದ್ದರು. ಹಲಗೆಗಳ ಸಂದಿನಿಂದ ಆಚೆಯ ಹುಲ್ಲಿನ ಹಸಿರು ಕಾಣುತ್ತಿತ್ತು. ನಾವು ನಾಲ್ವರೂ ನಿಂತೆವು. ಬಾಗಿಲು ಮುಚ್ಚಿಯೇ ಇತ್ತು.

"ಬೈ ವೈನಿ" ಎಂದಳು ನಿಂಬೆವ್ವ. "ನಿನ್ನೆ ಬೈದಂಗ ಬೈ. ಲಗೂ."

"ಹ್ಞೂಂ ಅಕ್ಕಾ, ಎರಡ ಮಾತು ಸಾಕು" ಎಂದ ಫಕೀರಪ್ಪ. "ಮುಂದ ಇಪ್ಪತ್ತು ವರ್ಷ ಇಲ್ಲ ನೋಡ."

ಎರಡು ಮಾತು ಬೇಕಿರಲಿಲ್ಲ, ಒಂದೇ ಸಾಕಿತ್ತು. ಅವರಿಗೆ ಎಲ್ಲಿ ತಾಗುತ್ತದೆಂದು ಹೆಂಡತಿಯಾದವಳಿಗೆ ಗೊತ್ತಿರುವುದಿಲ್ಲವೇ? ಆ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವರು ನನ್ನ ಕಡೆ ತಿರುಗಿದರು. ಬಾಗಿಲಿನ ಕಡೆ ಅವರ ಲಕ್ಷ್ಯವೇ ಇರಲಿಲ್ಲ.

"ಕಸ್ತೂರಿ, ಆ ಒಂದ ಬೈಗಳ ಬಿಟ್ರ, ಇಷ್ಟು ವರ್ಷದಾಗ ನೀ ಎರಡ ದಿನ ಸುಮ್ಮನಿದ್ದದ್ದು ಇದ ಮೊದಲ ನೋಡ. ನಿನ್ನ ಮಗ್ಗಲದಾಗ ಹಿಂಗ ನಡಕೋತ ಬರೂದು ಭಾಳ ಛಲೋ ಅನಸ್ತು" ಅಂದರು. ಅಂದು, ತಾವೇ ಅಂದದ್ದು ತಮಗೇ ಕೇಳಿಸಿದವರಂತೆ ಬಾಗಿಲನ್ನು ನೋಡಿದರು. ಮುಖ ಪೆಚ್ಚಾಯಿತು. "ತೆರೀಲಿಲ್ಲೇನು? ಅಯ್ಯ, ನನ್ನಿಂದ... ತಡಿ, ನಾ ಜಿಗಣಿ ನೆನಸಿಕೊಂತೇನಿ." ಕಣ್ಣು ಗಟ್ಟಿಯಾಗಿ ಮುಚ್ಚಿ, ಹುಬ್ಬು ಗಂಟಿಕ್ಕಿ, ಒಲ್ಲದವರಾಗಲು ನಿಂತರು. ಹುಬ್ಬು ಗಂಟಿಕ್ಕಿತ್ತು, ತುಟಿ ಮಾತ್ರ ನಗುತ್ತಿತ್ತು.

ನಾನು ಆ ಮಾತನ್ನು ನುಂಗಿದೆ. ಅವರ ತೋಳು ಹಿಡಿದು, "ಸಾಕ್ರಿ, ಕಣ್ಣ ತೆಗೀರಿ" ಎಂದು ಕಲ್ಲಿನ ರಾಶಿಯ ಮೇಲೆ ಕೂರಿಸಿ, ನಾನೂ ಕೂತು, ಬುತ್ತಿಯ ಗಂಟು ಬಿಚ್ಚಿದೆ. ನಿಂಬೆವ್ವ ಬಾಗಿಲನ್ನು ಒದೆಯುತ್ತಾ ನನ್ನನ್ನು ಬೈಯುತ್ತಿದ್ದಳು. ಫಕೀರಪ್ಪ ಹೋಳಿಗೆಗೆ ಕೈ ಚಾಚಿದ. ನಾನು ಜಿಂಕೆ ಕಾಣಲಿಲ್ಲ, ಇನ್ನು ಕಾಣುವುದೂ ಇಲ್ಲ. ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ. ನಮ್ಮ ಮನೆಯವರು ತಮ್ಮ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟರು. ಅಂಜುತ್ತಾ ಅಂಜುತ್ತಾ ಕೇಳಿದರು.

"ಮೊದಲಿನ ಎರಡು ಕಾಡು ತೆರದ ಇರತಾವಲ್ಲ? ಬರೂ ವರ್ಷ ಮತ್ತ ಬರೂಣೇನು?"

ನಾನು ರೊಟ್ಟಿ ಕೈಯಲ್ಲಿ ಹಿಡಿದು ಅವರನ್ನೇ ನೋಡಿದೆ. ಮೂವತ್ತು ವರ್ಷದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಇದೊಂದೇ. "ಈಗ ಕೇಳ್ತೀರಲ್ಲ! ನೀವೂ ಕೆಟ್ಟ ಮ್ಯಾಲೆ ಒಲ್ಲದವರನ್ನ ನಾ ಇನ್ನ ಎಲ್ಲಿಂದ ತರ್ಲಿ ಅಂತೀರಿ?"